ಕೈ ಬಿಗಿ ಇದ್ದಾಗ ಕಾಲಿಗೆ ಸುತ್ತಿಕೊಂಡ ಬೆಕ್ಕಿನ ಮರಿ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಬಾಡಿಗೆ ಮನೆಯಲ್ಲಿದ್ದುಕೊಂಡು, ತಿಂಗಳ ಕೊನೆಯ ವಾರ ಎಣಿಸಿ ಎಣಿಸಿ ಖರ್ಚು ಮಾಡುವವರಿಗೆ. ಗೇಟಿನ ಹತ್ತಿರ ಬಾಲ ನೆಟ್ಟಗೆ ಎತ್ತಿಕೊಂಡು ಓಡಿಬಂದ ಮರಿಯೊಂದು ಕಾಲಿಗೆ ಮೈ ಉಜ್ಜುತ್ತಿದೆ; ಬಿಟ್ಟು ಹೋಗಲು ಮನಸ್ಸಿಲ್ಲ, ಸಾಕಲು ಆದೀತೇ ಎಂಬ ಅಳುಕೂ ಇದೆ. ಸಾಕಬಹುದು. ಆದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಮೊದಲೇ ತೀರ್ಮಾನವಾಗಿರಲಿ. ಹಾಸಿಗೆ, ಆಟಿಕೆ, ಬೆಲ್ಟು, ಚೆಂದದ ಬಟ್ಟಲು ಇವಕ್ಕೆ ಒಂದು ರೂಪಾಯಿಯೂ ಬೇಡ. ಊಟ, ಜಂತಿನ ಔಷಧಿ, ಲಸಿಕೆ, ಸಂತಾನಹರಣದ ಆಪರೇಷನ್ ಈ ನಾಲ್ಕರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ.

ಎತ್ತಿಕೊಳ್ಳುವ ಮೊದಲು

ಮಾಡಬೇಕಾದ್ದು: ಅದು ಯಾರದೋ ಮನೆಯ ಮರಿ ಇರಬಹುದು ಎಂದುಕೊಂಡೇ ಶುರು ಮಾಡಿ. ಮನುಷ್ಯರ ಕೈ ಸೋಕದೆ ಬೆಳೆದ ಮರಿ ನಿಮ್ಮನ್ನು ಕಂಡರೆ ಬುಸ್ಸೆಂದು ಕಾರಿನಡಿ ಸೇರುತ್ತದೆ. ತಾನಾಗಿ ತೊಡೆ ಏರುವ ಮರಿಗೆ ಯಾರೋ ತುತ್ತು ಹಾಕಿದ್ದಾರೆ. ಎದುರು ಮನೆ, ಹಾಲಿನ ಬೂತು, ಮೂಲೆಯ ಕೋಳಿ ಅಂಗಡಿ, ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಎಲ್ಲರನ್ನೂ ಕೇಳಿ. ಯಾರಿಗೂ ಗೊತ್ತಿಲ್ಲ ಎಂದಾದರೆ ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ, ‘ಈ ಮರಿ ನಿಮ್ಮದಾ? ಫೋನ್ ಮಾಡಿ’ ಎಂದು ಬರೆದು ನಂಬರ್ ಹಾಕಿ, ಕೊರಳಿಗೆ ಸಡಿಲವಾಗಿ ಸುತ್ತಿ ತುದಿ ಅಂಟಿಸಿ ಬಿಡಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಕಾಗದ ಹರಿದುಹೋಗುತ್ತದೆ, ಕೊರಳಿಗೆ ಅಪಾಯವಿಲ್ಲ. ಎರಡು ಮೂರು ದಿನ ಕಾದರೂ ಫೋನ್ ಬರಲಿಲ್ಲವೆಂದರೆ ಮುಂದಿನ ಯೋಚನೆ ಮಾಡಿ.

ವಯಸ್ಸು ನೋಡಿಕೊಳ್ಳಿ. ತರಕಾರಿ ಅಂಗಡಿಯವರ ತಕ್ಕಡಿಯಲ್ಲಿ ಚೀಲ ಸಮೇತ ಇಟ್ಟು ತೂಗಿಸಿ, ಬೇಡ ಅನ್ನುವವರು ಕಡಿಮೆ. ಚೆನ್ನಾಗಿ ಬೆಳೆದ ಮರಿ ಒಂದು ತಿಂಗಳಿಗೆ 400ರಿಂದ 450 ಗ್ರಾಂ, ಎರಡು ತಿಂಗಳಿಗೆ 800ರಿಂದ 900 ಗ್ರಾಂ ತೂಗುತ್ತದೆ. ಬೀದಿಯದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಆದ್ದರಿಂದ ಹಲ್ಲನ್ನೂ ನೋಡಿ. ಅಕ್ಕಿನುಚ್ಚಿನಂಥ ಮುಂದಿನ ಹಲ್ಲುಗಳು ಮೂರು, ನಾಲ್ಕನೇ ವಾರಕ್ಕೆ ಮೂಡುತ್ತವೆ. ಅವಿದ್ದು, ಮರಿ ತಡವರಿಸದೆ ಓಡಾಡುತ್ತಿದ್ದರೆ ಮೆತ್ತಗಿನ ಊಟ ತಿನ್ನಬಲ್ಲದು.

ಮಾಡಬಾರದ್ದು: ಹಲ್ಲಿಲ್ಲದ, ನೆಟ್ಟಗೆ ನಡೆಯಲಾಗದ ಎಳೆಮರಿ ಸಜ್ಜೆಯ ಮೇಲೋ ಗೋಣಿಯ ಹಿಂದೋ ಕಂಡ ಕೂಡಲೇ ‘ಅನಾಥ’ ಎಂದು ಎತ್ತಿಕೊಂಡು ಬರಬೇಡಿ. ತಾಯಿ ಊಟ ಹುಡುಕಿಕೊಂಡು ಹೋಗಿರುತ್ತದೆ, ನೀವು ಅಲ್ಲೇ ನಿಂತಿದ್ದರೆ ಹತ್ತಿರ ಬರುವುದಿಲ್ಲ. ದೂರ ಹೋಗಿ ಕೆಲವು ಗಂಟೆ ಕಾಯಿರಿ. ಮೈ ತಣ್ಣಗಾಗಿದ್ದರೆ, ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಅಷ್ಟು ಚಿಕ್ಕದಕ್ಕೆ ಹಗಲೂ ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಉಣಿಸಬೇಕು, ಉಣಿಸಿದ ಮೇಲೆ ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಮಾಡಿಸಬೇಕು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವರಿಗೆ ಇದು ಆಗದ ಕೆಲಸ. ಆಗುತ್ತದೆ ಎಂದು ನಟಿಸುವುದು ಬೇಡ. ಮನೆಯಲ್ಲಿ ಇಡೀ ದಿನ ಇರುವ ಒಬ್ಬರನ್ನು ಆ ದಿನವೇ ಹುಡುಕಿ.

ಮೊದಲ ದಿನ

ರಟ್ಟಿನ ಪೆಟ್ಟಿಗೆ, ಹಳೆ ಲುಂಗಿ, ಒಂದು ಮೂಲೆ. ಇಷ್ಟೇ ಸಾಕು. ಮಳೆಗಾಲವಾದರೆ ಬಾಟಲಿಗೆ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗವಿರಲಿ.

ಮೇಲಿನ ತುಟಿ ಎತ್ತಿ ಒಸಡು ನೋಡಿ. ನಸುಗೆಂಪಾಗಿದ್ದರೆ ಸರಿ. ಬೆಳ್ಳಗಿದ್ದರೆ ಚಿಗಟ ಅಥವಾ ಜಂತುಹುಳು ರಕ್ತ ಹೀರಿಬಿಟ್ಟಿರಬಹುದು, ನಾಳೆಗೆಂದು ಇಡದೆ ಇವತ್ತೇ ಆಸ್ಪತ್ರೆಗೆ ಒಯ್ಯಿರಿ. ಅಷ್ಟು ಸಣ್ಣ ದೇಹದಲ್ಲಿ ಕಳೆದುಕೊಳ್ಳಲು ರಕ್ತವೇ ಇರುವುದಿಲ್ಲ.

ಮಾಡಬಾರದ್ದು: ಮೊದಲ ದಿನವೇ ತಲೆ ಮೇಲೆ ನೀರು ಹೊಯ್ದು ಸ್ನಾನ ಮಾಡಿಸಬೇಡಿ. ಹೆದರಿದ, ಹಸಿದ ಮರಿಯ ಮೈ ತಣ್ಣಗಾದರೆ ಮೇಲೇಳುವುದು ಕಷ್ಟ. ಕೊಳೆ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಮಕ್ಕಳು ಕೈಯಿಂದ ಕೈಗೆ ದಾಟಿಸದಿರಲಿ. ಮನೆಯಲ್ಲಿ ಈಗಾಗಲೇ ಒಂದು ಬೆಕ್ಕಿದ್ದರೆ ಎರಡು ವಾರ ಎರಡನ್ನೂ ಬೇರೆ ಬೇರೆ ಇಡಿ. ಬಟ್ಟಲು ಬೇರೆ, ಮರಳಿನ ತಟ್ಟೆ ಬೇರೆ, ಮುಟ್ಟಿದ ಮೇಲೆ ಕೈ ತೊಳೆಯುವುದು ಕಡ್ಡಾಯ. ವಾಂತಿ ಭೇದಿಯಲ್ಲಿ ಮರಿಗಳನ್ನು ಒಂದೆರಡು ದಿನದಲ್ಲೇ ಒಯ್ಯುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗವಿದೆ, ಪಶುವೈದ್ಯರು ಚೀಟಿಯಲ್ಲಿ ಎಫ್‌ಪಿವಿ ಎಂದು ಬರೆಯುತ್ತಾರೆ. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ನೀರಿಗೆ ಸಾಯುತ್ತದೆ.

ಊಟ

ಹಾಲು ಕೊಡಬೇಡಿ. ಇದನ್ನು ಹೇಳಿದಾಗಲೆಲ್ಲ ಮನೆಯ ಹಿರಿಯರು ನಗುತ್ತಾರೆ, ನಗಲಿ. ಹಸುವಿನ ಹಾಲಿನ ಸಕ್ಕರೆ ಅಂಶ ಬಹುಪಾಲು ಬೆಕ್ಕುಗಳಿಗೆ ಅರಗುವುದಿಲ್ಲ; ಮರಿಗೆ ಭೇದಿ ಹಿಡಿದರೆ ಒಂದೇ ದಿನದಲ್ಲಿ ನೀರಿನಂಶ ಬಸಿದುಹೋಗುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಂತೆ. ಆರೋಗ್ಯದ ಲೆಕ್ಕದಲ್ಲಿ ಆ ಬೆಕ್ಕೇ ಬುದ್ಧಿವಂತ. ತಾಯಿಯ ಹಾಲು ಬಿಡದ ಎಳೆಮರಿಗೆ ಮೆಡಿಕಲ್ ಅಥವಾ ಪೆಟ್ ಅಂಗಡಿಯಲ್ಲಿ ಸಿಗುವ, ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬೇಕು. ಕುಡಿಸುವಾಗ ಹೊಟ್ಟೆ ಕೆಳಗಾಗಿ ಮಲಗಿಸಿ. ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಉಣಿಸಿ.

ಮೊಸರನ್ನ, ಚಪಾತಿ, ಬಿಸ್ಕತ್ತು ಇವುಗಳ ಮೇಲೆ ಬೆಕ್ಕನ್ನು ಸಾಕಬೇಡಿ. ‘ನಮ್ಮಜ್ಜಿ ಮನೆ ಬೆಕ್ಕು ಮೊಸರನ್ನ ತಿಂದೇ ಹನ್ನೆರಡು ವರ್ಷ ಬದುಕಿತ್ತು’ ಎನ್ನುವವರಿಗೆ ಉತ್ತರ: ಅಜ್ಜಿ ಮನೆಯ ಬೆಕ್ಕಿಗೆ ಮೊಸರನ್ನ ಬರೀ ತಿಂಡಿ, ಊಟ ಅಟ್ಟದ ಮೇಲಿನ ಇಲಿ. ನಿಮ್ಮ ಎರಡನೇ ಮಹಡಿಯ ಒಂದು ಕೋಣೆಯ ಮನೆಯಲ್ಲಿ ಆ ಇಲಿ ಇಲ್ಲ. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಪದಾರ್ಥ ಬೇಕು, ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ಮಾಂಸದಿಂದಲೇ ಸಿಗಬೇಕು. ಸಿಗದಿದ್ದರೆ ತಿಂಗಳುಗಳ ಮೇಲೆ ಕಣ್ಣಿನ ಒಳಪರದೆ ಹಾಳಾಗುತ್ತದೆ, ಹೃದಯ ದೊಡ್ಡದಾಗಿ ಸೋಲುತ್ತದೆ. ನಾಯಿಯ ಆಹಾರ ಅಗ್ಗವೆಂದು ಅದನ್ನೇ ಹಾಕುವುದೂ ಇದೇ ಕಾರಣಕ್ಕೆ ತಪ್ಪು.

ಸಸ್ಯಾಹಾರಿ ಮನೆಯವರು, ಅಥವಾ ‘ಮಾಂಸ ಬೇಯಿಸಕೂಡದು’ ಎಂಬ ಷರತ್ತಿನ ಮೇಲೆ ಬಾಡಿಗೆಗಿರುವವರು ಇಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ಬೆಕ್ಕಿನ ಮರಿಗೆಂದು ಬರೆದಿರುವ ಒಣ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ, ಬೇಯಿಸುವ ಗೊಡವೆಯೂ ಇಲ್ಲ. ಒಂದು ಕಿಲೋ ತೂಗುವ ಮರಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ, ಅಂದರೆ ತಿಂಗಳಿಗೆ ಎರಡು ಕಿಲೋದೊಳಗೆ. ನಿಮ್ಮೂರಿನ ಅಂಗಡಿಯ ಕಿಲೋ ಬೆಲೆಯನ್ನು ಎರಡರಿಂದ ಗುಣಿಸಿ. ಆ ಮೊತ್ತ ಪ್ರತಿ ತಿಂಗಳೂ ಕೊಡಲು ಆಗುತ್ತದೆಯೇ ಎಂದು ಮರಿ ತರುವ ಮೊದಲೇ ಕೇಳಿಕೊಳ್ಳಿ. ಚಿಕ್ಕ ಪ್ಯಾಕೆಟ್ಟಿಗಿಂತ ದೊಡ್ಡ ಚೀಲ ಅಗ್ಗ ಬೀಳುತ್ತದೆ, ಪಕ್ಕದ ಮನೆಯಲ್ಲೂ ಬೆಕ್ಕಿದ್ದರೆ ಹಂಚಿಕೊಳ್ಳಿ. ಬಾಯಿ ತೆರೆದ ಗೋಣಿಯಿಂದ ಅಳೆದುಕೊಡುವ, ಹೆಸರು ತಾರೀಕು ಯಾವುದೂ ಇಲ್ಲದ ಕಾಳು ಬೇಡ.

ಮಾಂಸ ತಿನ್ನುವ ಮನೆಯವರಿಗೆ ಖರ್ಚು ಇನ್ನೂ ತಗ್ಗುತ್ತದೆ. ಕೋಳಿ ಅಂಗಡಿಯಲ್ಲಿ ಗುಂಡಿಗೆ, ಕಂದಕಾಯಿ, ಕತ್ತರಿಸಿ ಉಳಿದ ಚೂರುಗಳು ಕಡಿಮೆಗೆ ಸಿಗುತ್ತವೆ. ಕರಾವಳಿಯಲ್ಲಾದರೆ ಬೂತಾಯಿ ಇದೆ. ಉಪ್ಪು, ಖಾರ, ಅರಿಶಿನ ಏನೂ ಹಾಕದೆ ಬೇಯಿಸಿ, ಮುಳ್ಳು ಮೂಳೆ ತೆಗೆದು, ಒಣ ಆಹಾರದ ಜತೆ ಕೊಡಿ. ಬರೀ ಬೇಯಿಸಿದ ಕೋಳಿಯೊಂದನ್ನೇ ತಿಂಗಳುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ ಸಾಲದೆ ಮರಿಯ ಎಲುಬು ಸೊಟ್ಟಗಾಗುತ್ತದೆ. ಈಲಿ (ಲಿವರ್) ವಾರಕ್ಕೊಮ್ಮೆ ಚೂರು ಸಾಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಅನ್ನಕ್ಕೆ ಕಲಸಿ ಹಾಕಲೇಬೇಡಿ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ದನದ ಆಸ್ಪತ್ರೆಗೆ ಬೆಕ್ಕನ್ನೂ ಒಯ್ಯಬಹುದು

ಬಹಳ ಜನಕ್ಕೆ ಇದು ಹೊಳೆಯುವುದೇ ಇಲ್ಲ. ಊರಿನ ಸರ್ಕಾರಿ ಪಶು ಆಸ್ಪತ್ರೆ ಎಮ್ಮೆ, ಕುರಿಗಳಿಗೆ ಮಾತ್ರವಲ್ಲ. ಬೆಂಗಳೂರಿನ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾಯಿ ಬೆಕ್ಕು ಹಿಡಿದುಕೊಂಡವರೇ ಹೆಚ್ಚು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹೊಂದಿಕೊಂಡ ಚಿಕಿತ್ಸಾಲಯಗಳೂ ಇವೆ. ಕಾಯಬೇಕಾಗುತ್ತದೆ, ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ, ಆದರೆ ಖಾಸಗಿ ಕ್ಲಿನಿಕ್ಕಿನಷ್ಟು ಬಿಲ್ಲು ಆಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ. ಬುಟ್ಟಿಯ ಮೇಲೆ ಇನ್ನೊಂದು ಬುಟ್ಟಿ ಕವುಚಿ ಹಗ್ಗ ಬಿಗಿದರೆ ಅದೇ ಪಂಜರ; ಒಳಗೆ ಒಂದು ಟವೆಲ್ ಹಾಸಿ. ಸ್ಕೂಟರಿನ ಹಿಂದೆ ಕೂತು ಮರಿಯನ್ನು ಎದೆಗವಚಿಕೊಂಡು ಹೋಗಬೇಡಿ. ಒಂದು ಹಾರ್ನ್ ಸಾಕು, ಕೈ ಗೀರಿ ರಸ್ತೆಗೆ ಹಾರುತ್ತದೆ.

ಮಾಡಿಸಬೇಕಾದ್ದರ ಕ್ರಮ ಹೀಗೆ. ಜಂತಿನ ಔಷಧಿ ಮೊದಲ ಭೇಟಿಯಲ್ಲೇ, ಮರಿಯ ತೂಕ ನೋಡಿ. ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ. ಒಂದು ಸಲಕ್ಕೆ ಹುಳು ಪೂರ್ತಿ ಹೋಗುವುದಿಲ್ಲ. ಎಫ್‌ಪಿವಿ ಸೇರಿದಂತೆ ಮೂರು ರೋಗಗಳ ಲಸಿಕೆ ಆರರಿಂದ ಎಂಟು ವಾರದ ವಯಸ್ಸಿಗೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ನಾಲ್ಕು ತಿಂಗಳು ತುಂಬುವವರೆಗೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಆಪರೇಷನ್ ಐದನೇ ತಿಂಗಳಿಗೆ. ಖರ್ಚು ಒಂದೇ ಸಲ ತಲೆ ಮೇಲೆ ಬೀಳುವುದಿಲ್ಲ, ಮೂರು ನಾಲ್ಕು ಸಂಬಳಗಳಿಗೆ ಹಂಚಿಹೋಗುತ್ತದೆ ಎಂಬುದು ಬಡವರ ಪುಣ್ಯ. ಮೂರು ರೋಗಗಳ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿರಬಹುದು, ವಿಚಾರಿಸಿಕೊಂಡು ಹೋಗಿ. ರೇಬೀಸ್ ಲಸಿಕೆಗಂತೂ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುತ್ತದೆ. ಮರಿಗೆ ಮೂರು ತಿಂಗಳು ತುಂಬುವುದು ಜನವರಿಯಲ್ಲಾದರೆ ಸೆಪ್ಟೆಂಬರಿಗೆ ಕಾಯುತ್ತ ಕೂರಬೇಡಿ.

ಮಾಡಬಾರದ್ದು: ಮನೆಯ ಔಷಧಿ ಡಬ್ಬಿಗೆ ಕೈ ಹಾಕಬೇಡಿ. ಡೋಲೋ, ಕ್ರೋಸಿನ್ ಯಾವ ಹೆಸರಿನದಾದರೂ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಾತ್ರೆಯ ಒಂದು ತುಂಡು ಸಾಕು ಕೊಲ್ಲಲು. ‘ಮಕ್ಕಳಿಗೆ ಕೊಡೋ ಸಿರಪ್ಪು, ಎರಡೇ ಹನಿ’ ಎಂಬ ಸಮಾಧಾನವೂ ಬೇಡ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯನ್ನು ಚಿಗಟಕ್ಕೆಂದು ಬೆಕ್ಕಿನ ಬೆನ್ನಿಗೆ ಬಿಟ್ಟರೆ ಮರಿ ನಡುಗುತ್ತ, ಸೆಟೆದುಕೊಂಡು ಸಾಯುತ್ತದೆ. ಚಿಗಟಕ್ಕೆ ಹೇನಿನ ಬಾಚಣಿಗೆಯೇ ಅಗ್ಗದ ಮದ್ದು: ಬಾಚಿ, ಬಾಚಣಿಗೆಯನ್ನು ಸೋಪಿನ ನೀರಿಗೆ ಅದ್ದಿ, ಹಾಸಿದ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕರ್ಪೂರ, ನೀಲಗಿರಿ ಎಣ್ಣೆ, ನೋವಿನ ಮುಲಾಮು, ನುಸಿ ಗುಳಿಗೆ ಯಾವುದೂ ಮೈಗೆ, ಹಾಸಿಗೆಗೆ ತಾಗಬಾರದು. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವವರೆಗೆ ಮರಿಯನ್ನು ಆ ಕಡೆ ಬಿಡಬೇಡಿ, ಅದು ಪಾದ ನೆಕ್ಕಿಕೊಳ್ಳುತ್ತದೆ. ಕಣ್ಣು ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಮನೆಯಲ್ಲಿ ಉಳಿದಿರುವ ಕಣ್ಣಿನ ಹನಿ ಬೇಡ.

ಒಂದು ಹೊತ್ತು ಊಟ ಬಿಟ್ಟರೆ ನೋಡೋಣ ಎನ್ನಬಹುದು, ಇಡೀ ದಿನ ಬಿಟ್ಟರೆ ಆಗದು. ಬಾಯಿ ತೆರೆದು ಏದುಸಿರು ಬಿಡುವುದು, ವಾಂತಿ ಮತ್ತು ಭೇದಿ ಒಟ್ಟಿಗೆ ಆಗುವುದು, ಮೈ ತಣ್ಣಗಾಗುವುದು, ಈ ಮೂರರಲ್ಲಿ ಯಾವುದು ಕಂಡರೂ ಮೊದಲು ಆಸ್ಪತ್ರೆ, ತಿಂಗಳ ಲೆಕ್ಕ ಆಮೇಲೆ.

ಕಚ್ಚಿದರೆ, ಗೀರಿದರೆ

‘ಬೆಕ್ಕಲ್ವಾ, ಏನೂ ಆಗಲ್ಲ’ ಎನ್ನಬೇಡಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ, ಬಟ್ಟೆ ಬಿಗಿಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದು ಅಲ್ಲಿ ಉಚಿತ. ಚರ್ಮಕ್ಕೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ನಡುವೆ ‘ಮರಿ ಚೆನ್ನಾಗೇ ಇದೆಯಲ್ಲ’ ಎಂದು ನೀವೇ ನಿಲ್ಲಿಸಬೇಡಿ, ನಿಲ್ಲಿಸಬಹುದೇ ಎಂದು ಹೇಳಬೇಕಾದವರು ವೈದ್ಯರು. ಮಕ್ಕಳು ಗೀರಿಸಿಕೊಂಡದ್ದನ್ನು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಬೈಯುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ, ಮಾತು ಉಳಿಸಿಕೊಳ್ಳಿ.

ಮನೆಯೊಳಗೆ

ಹಳೆಯ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಎರಡು ಮೂರು ಇಂಚು ಮರಳು ಹಾಕಿ ಊಟದ ಜಾಗದಿಂದ ದೂರ ಇಟ್ಟರೆ ಮರಿಗೆ ಪಾಠ ಹೇಳಬೇಕಾಗಿಲ್ಲ, ತಾನೇ ಕೆರೆದು ಕೂರುತ್ತದೆ. ಕಟ್ಟಡ ಕೆಲಸದ ಜಾಗದಲ್ಲಿ ಕೇಳಿದರೆ ಒಂದು ಬಕೆಟ್ ಕೊಟ್ಟಾರು; ಕೇಳದೆ ತರಬೇಡಿ. ಮರದ ಪುಡಿ, ಹರಿದ ದಿನಪತ್ರಿಕೆಯೂ ಆಗುತ್ತದೆ. ನೀರು ಬಿದ್ದರೆ ಗಟ್ಟಿಯಾಗುವ ದುಬಾರಿ ಮರಳನ್ನು ಎರಡು ತಿಂಗಳೊಳಗಿನ ಮರಿಗೆ ಇಡಬೇಡಿ, ಅದನ್ನು ತಿಂದುಬಿಡುತ್ತದೆ. ಮಲವನ್ನು ದಿನವೂ ತೆಗೆಯಿರಿ. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಆ ಕೆಲಸ ಬೇರೆಯವರದು: ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇದ್ದರೆ ಅದು ಸೋಂಕು ಹರಡಲು ಒಂದರಿಂದ ಐದು ದಿನ ಬೇಕು, ದಿನವೂ ಎತ್ತಿ ಬಿಸಾಡಿದರೆ ಅವಕಾಶ ಸಿಗುವುದಿಲ್ಲ. ಅದಕ್ಕಾಗಿ ಬೆಕ್ಕನ್ನೇ ಬೀದಿಗೆ ಹಾಕಬೇಕಿಲ್ಲ.

ಮೇಜಿನ ಕಾಲಿಗೆ ಗೋಣಿಚೀಲ ಸುತ್ತಿ ಕಟ್ಟಿದರೆ ಉಗುರು ಮಸೆಯಲು ಅದೇ ಸಾಕು, ಸೋಫಾ ಉಳಿಯುತ್ತದೆ. ಕಾಗದದ ಉಂಡೆ ಆಟಿಕೆ.

ಆದರೆ ದಾರ ಆಟಿಕೆಯಲ್ಲ. ಹೂ ಕಟ್ಟುವ ದಾರ, ಹೊಲಿಗೆಯ ನೂಲು, ಗಾಳಿಪಟದ ಮಾಂಜಾ ಎಲ್ಲವೂ ಡಬ್ಬಿಯೊಳಗಿರಲಿ. ಬೆಕ್ಕಿನ ನಾಲಿಗೆಯ ಸಣ್ಣ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿವೆ. ಒಮ್ಮೆ ಸಿಕ್ಕಿಕೊಂಡ ದಾರವನ್ನು ಉಗುಳಲು ಮರಿಗೆ ಬರುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗಿಳಿದರೆ ಕರುಳು ಲಂಗದ ಲಾಡಿ ಎಳೆದ ಹಾಗೆ ನೆರಿಗೆಗಟ್ಟುತ್ತದೆ. ಬಾಯಿಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ, ಕರುಳು ಕೊಯ್ದುಹೋಗುತ್ತದೆ. ಹಾಗೇ ಆಸ್ಪತ್ರೆಗೆ ಒಯ್ಯಿರಿ. ದೃಷ್ಟಿಯಾಗದಿರಲೆಂದು ಕೊರಳಿಗೆ ಕಪ್ಪು ದಾರ ಕಟ್ಟುವುದೂ ಬೇಡ: ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಹೂದಾನಿಯ ಲಿಲ್ಲಿ ಮೂತ್ರಪಿಂಡ ಕೆಡಿಸುತ್ತದೆ, ಪೂಜೆಗೆ ತಂದ ಕಣಗಿಲೆ ಹೃದಯ ನಿಲ್ಲಿಸುತ್ತದೆ. ಎರಡೂ ಮರಿಗೆ ಎಟುಕದ ಹಾಗಿರಲಿ.

ಆಪರೇಷನ್

‘ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸೋಣ’ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ಕಟ್ಟುತ್ತದೆ. ಒಂದು ಬೆಕ್ಕಿನ ಖರ್ಚಿಗೆ ತಿಣುಕುವ ಮನೆ ಐದು ಬೆಕ್ಕು ಸಾಕಲಾರದು. ಗಂಡಾದರೆ ಸುಮ್ಮನಿರಬಹುದು ಎಂದೂ ಅಲ್ಲ. ಅದು ಗೋಡೆ, ಬಾಗಿಲು, ಮಾಲೀಕರ ಬೈಕಿನ ಸೀಟು ಎಲ್ಲದಕ್ಕೂ ಉಚ್ಚೆ ಚಿಮ್ಮಿಸುತ್ತದೆ, ಜಗಳವಾಡಿ ಗಾಯ ಮಾಡಿಕೊಂಡು ಬರುತ್ತದೆ. ಮರಿ ಮನೆಗೆ ಬಂದ ವಾರದಿಂದಲೇ ಒಂದು ಡಬ್ಬಿಗೆ ಆಪರೇಷನ್ನಿನ ದುಡ್ಡು ಹಾಕುತ್ತ ಬನ್ನಿ. ಪಶುವೈದ್ಯಕೀಯ ಕಾಲೇಜಿನಲ್ಲಿ, ಊರಿನ ಪ್ರಾಣಿದಯಾ ಸಂಸ್ಥೆಯಲ್ಲಿ ರಿಯಾಯಿತಿ ಇದೆಯೇ ಎಂದು ಮೊದಲೇ ಕೇಳಿ ಹೆಸರು ಬರೆಸಿ. ಕೇಳಲು ನಾಚಿಕೆ ಬೇಡ.

ಮಾಲೀಕರು, ನೆರೆಯವರು, ಮತ್ತು ಆಗದಿದ್ದರೆ

ಮನೆ ಮಾಲೀಕರಿಗೆ ಮೊದಲೇ ಹೇಳಿ. ಕದ್ದು ಸಾಕಿದ ಬೆಕ್ಕು ಒಂದು ರಾತ್ರಿ ಕೂಗಿದರೂ ಸಿಕ್ಕಿಬೀಳುತ್ತದೆ, ಆಗ ಬೀದಿಗೆ ಬೀಳುವುದೂ ಅದೇ. ‘ಆಪರೇಷನ್ ಮಾಡಿಸ್ತೀನಿ, ಮರಳು ದಿನಾ ತೆಗೀತೀನಿ, ಬಾಗಿಲು ಕೆರೆದ್ರೆ ನಾನೇ ಬಣ್ಣ ಹೊಡಿಸ್ತೀನಿ ಅಂಕಲ್’ ಎಂದರೆ ಒಪ್ಪುವವರಿದ್ದಾರೆ. ಒಪ್ಪದಿದ್ದರೆ ಮರಿ ತರಬೇಡಿ.

ಸಾಕಲು ಆಗುವುದಿಲ್ಲ ಎಂದು ತೀರ್ಮಾನಿಸುವುದು ಅಪರಾಧವಲ್ಲ. ಬೀದಿಯಲ್ಲೇ ಬಿಟ್ಟು, ಹೊತ್ತಿಗೆ ಸರಿಯಾಗಿ ಊಟ ನೀರು ಇಟ್ಟು, ವಯಸ್ಸಿಗೆ ಬಂದಾಗ ಆಪರೇಷನ್, ರೇಬೀಸ್ ಚುಚ್ಚುಮದ್ದು ಮಾಡಿಸಿ ಅಲ್ಲೇ ಬಿಡುವುದು ಮರ್ಯಾದೆಯ ದಾರಿ. ಅಪರಾಧವಾಗುವುದು ಆರು ತಿಂಗಳು ಮನೆಯೊಳಗೆ ಸಾಕಿ, ಬೇಟೆ ಮರೆಸಿ, ಆಮೇಲೆ ಗೋಣಿಯಲ್ಲಿ ಕಟ್ಟಿ ಮೀನು ಮಾರುಕಟ್ಟೆಗೋ ಹೊಳೆಯಾಚೆಗೋ ಬಿಟ್ಟುಬರುವುದು. ಹಸಿವು ಬಾಯಾರಿಕೆಗಳಿಂದ ನರಳಲೆಂಬಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರವೂ ಅಪರಾಧವೇ. ಪ್ರಾಣಿದಯಾ ಸಂಸ್ಥೆಯ ಗೇಟಿನ ಮುಂದೆ ರಾತ್ರೋರಾತ್ರಿ ಪೆಟ್ಟಿಗೆ ಇಟ್ಟು ಓಡುವುದೂ ಬಿಟ್ಟುಬರುವುದೇ. ಅಲ್ಲಿ ಜಾಗ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಮನೆ ಸಿಗುವವರೆಗೆ ನೀವೇ ಇಟ್ಟುಕೊಳ್ಳಬೇಕು.

ಬೇರೆಯವರಿಗೆ ಕೊಡುವುದಾದರೆ ಎಂಟು ವಾರ ತುಂಬಿದ ಮೇಲೆ ಕೊಡಿ. ಕೇಳಿದವರಿಗೆಲ್ಲ ಕೊಡಬೇಡಿ. ನೀವೇ ಅವರ ಮನೆಗೆ ಹೋಗಿ ಮಹಡಿಯ ಕಿಟಕಿಗೆ ಜಾಲರಿ ಇದೆಯೇ, ಕಟ್ಟಿಹಾಕಿದ ನಾಯಿ ಇದೆಯೇ ನೋಡಿ, ಆಪರೇಷನ್ ಮಾಡಿಸುವ ಮಾತು ತೆಗೆದುಕೊಳ್ಳಿ. ಮರಿಯ ಜತೆಗೆ ಅದು ಮಲಗುತ್ತಿದ್ದ ಲುಂಗಿಯ ತುಂಡು, ತಿಂದು ರೂಢಿಯಾದ ಆಹಾರ ಅರ್ಧ ಕಿಲೋದಷ್ಟು, ಆಸ್ಪತ್ರೆಯ ಚೀಟಿ ಮೂರನ್ನೂ ಕಳಿಸಿ. ಮುಂದಿನ ಚುಚ್ಚುಮದ್ದಿನ ತಾರೀಕು ಆ ಚೀಟಿಯಲ್ಲಿದೆ. ಆ ದಿನ ಒಂದು ಫೋನ್ ಮಾಡಿ ನೆನಪಿಸಿ.